ಓತಿಕೇತದ ಊಟಕ್ಕೆ ಜಿರಲೆಯ ಸಾಕಣೆ

ಜಿರಲೆಯನ್ನು ಕಂಡೊಡನೆ ಪೊರಕೆಗೆ ಕೈಚಾಚುವವರೇ ನಮ್ಮಲ್ಲಿ ಬಹುಮಂದಿ. ಆದರೆ ಆಸ್ಟ್ರೇಲಿಯ ಮೂಲದ ಗಡ್ಡದ ಓತಿಕೇತವನ್ನು ಮನೆಯಲ್ಲಿ ಸಾಕುವ ಅಮೆರಿಕ, ಯೂರೋಪುಗಳ ಜನರು ಅದರ ಆಹಾರಕ್ಕೆಂದು ಜಿರಲೆಗಳನ್ನೇ ಮುತುವರ್ಜಿಯಿಂದ ಬೆಳೆಸುವುದುಂಟು. ಅಡಿಗೆಮನೆಯ ಜಿರಲೆಯನ್ನಲ್ಲ, ಅದರ ಮೈಗೆ ಕೀಟನಾಶಕ ಹತ್ತಿದ್ದರೆ ತಿಂದ ಪ್ರಾಣಿಗೂ ಕುತ್ತು. ಅವರು ಆರಿಸುವುದು ದಕ್ಷಿಣ ಅಮೆರಿಕದ ‘ಡೂಬಿಯ’ ಜಿರಲೆಯನ್ನು.

ಸುಮಾರು 4 ಸೆಂಟಿಮೀಟರ್ ಉದ್ದದ ಈ ಕೀಟವು ಒರಟಾದ ಗೋಡೆಯನ್ನು ಉಗುರೂರಿ ಹತ್ತೀತು. ನುಣುಪಾದ ಗಾಜನ್ನು ಏರಲಾರದು. ಆದುದರಿಂದ ಗಾಜಿನ ತೊಟ್ಟಿಯೇ ಅದಕ್ಕೆ ಸೆರೆಮನೆ. ಗಾಜಿಗೆ ಕೊಳೆ ಮೆತ್ತಿತೋ, ಕೈದಿಗೆ ಮೆಟ್ಟಿಲು ಸಿಕ್ಕಿತೆಂದೇ ತಿಳಿಯಬೇಕು!

ಭೌತಶಾಸ್ತ್ರದವರಾದ ನಮಗೆ ಹೆಚ್ಚು ಸ್ವಾರಸ್ಯವೆನಿಸುವುದು ಉಷ್ಣತೆಯ ಪಾತ್ರ. ಜಿರಲೆಯು ಮೈಯ ಶಾಖವನ್ನು ನಮ್ಮಂತೆ ತಾನೇ ಕಾಯ್ದುಕೊಳ್ಳಲಾರದು. ಸುತ್ತಣ ಗಾಳಿ ತಣಿದಂತೆಲ್ಲ ಅದರ ದೇಹದ ರಾಸಾಯನಿಕ ಕ್ರಿಯೆಗಳೂ ಮಂದವಾಗುತ್ತವೆ. 30 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಸೊಗಸಾಗಿ ಮರಿಹಾಕುವ ಕೀಟಕ್ಕೆ, 20ಕ್ಕಿಳಿದರೆ ಸಂತಾನವೇ ನಿಂತಂತೆ. ತೊಟ್ಟಿಯ ಒಂದು ಬದಿಯನ್ನಷ್ಟೇ ಕಾಯಿಸಿದರೆ ಸಾಕು. ಹಿತವಾದ ತಾಣವನ್ನು ಅದೇ ಹುಡುಕಿಕೊಳ್ಳುತ್ತದೆ. ಅಡಗಲು ಮೊಟ್ಟೆಯಿಡುವ ರಟ್ಟಿನ ತಟ್ಟೆಗಳನ್ನು ಲಂಬವಾಗಿ ನಿಲ್ಲಿಸಬೇಕು. ಹಿಕ್ಕೆ ತಳಕ್ಕೆ ಉದುರಿಹೋಗುತ್ತದೆ. ಒಣಗಿದ ಹಿಕ್ಕೆಯ ಧೂಳು ಕೆಲವರಲ್ಲಿ ಉಬ್ಬಸವನ್ನು ಕೆರಳಿಸುವುದರಿಂದ, ಶುಚಿಮಾಡುವವರು ಮೂಗು ಬಾಯಿಗಳನ್ನು ಮುಚ್ಚಿಕೊಳ್ಳುವುದು ಲೇಸು.

ಜಿರಲೆ ಹೇರಳವಾಗಿ ಸಿಕ್ಕಿದ ಮಾತ್ರಕ್ಕೆ ಓತಿಕೇತ ಪುಷ್ಟವಾದೀತೆಂದು ನಂಬುವಂತಿಲ್ಲ. ಇಂಥ ಕೀಟಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಮೆ. ಅವನ್ನಷ್ಟೇ ತಿಂದು ಬೆಳೆದ ಮರಿಯ ಮೂಳೆ ಮೆದುವಾಗಿ, ದವಡೆ ಊದಿ, ಕಾಲು ಸೊಟ್ಟಗಾಗಬಹುದು. ಆದುದರಿಂದ ಉಣಿಸುವ ಮುನ್ನ ಜಿರಲೆಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿಯನ್ನು ತೆಳುವಾಗಿ ಬಳಿಯುತ್ತಾರೆ.