ಕಪಾಟಿನೊಳಗಿನ ಎರಡನೇ ಚೀಟಿ

ನನ್ನ ಚಿಕ್ಕಮ್ಮನ ಬಳಿ ಎರಡು ಆಸ್ಪತ್ರೆಗಳ ಚೀಟಿಗಳಿದ್ದವು. ಒಂದು, ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯ ಬಳಿಕ ಐದು ವರ್ಷ ಸೇವಿಸಬೇಕಾದ ಟ್ಯಾಮಾಕ್ಸಿಫೆನ್‌ನದು. ಇನ್ನೊಂದು, ಚಿಕ್ಕಪ್ಪ ತೀರಿಕೊಂಡ ಮೇಲೆ ಕವಿದ ಖಿನ್ನತೆಗೆ ಮನೋವೈದ್ಯರು ಬರೆದ ಪ್ಯಾರಾಕ್ಸೆಟೀನ್‌ನದು. ಮೊದಲನೆಯದು ದೂರವಾಣಿಯ ಪಕ್ಕದಲ್ಲೇ ಇರುತ್ತಿತ್ತು. ಎರಡನೆಯದು ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ. ಕ್ಯಾನ್ಸರ್ ಬಂದರೆ ಜನ ಮರುಗುತ್ತಾರೆ, ಮನಸ್ಸಿಗೆ ಮಾತ್ರೆ ಎಂದರೆ ಪಿಸುಗುಡುತ್ತಾರೆ ಎಂಬುದು ಅವರಿಗೆ ತಿಳಿದಿತ್ತು.

ಮದುವೆಯೊಂದರಲ್ಲಿ ಬಂಧುಗಳೊಬ್ಬರು, ತಲೆಯ ಮಾತ್ರೆಗಳಿಂದ ಕ್ಯಾನ್ಸರ್ ಬೆಳೆಯುತ್ತದೆ ಎಂದುಬಿಟ್ಟರು. ಮರುದಿನವೇ ಚಿಕ್ಕಮ್ಮ ಪ್ಯಾರಾಕ್ಸೆಟೀನ್ ನಿಲ್ಲಿಸಿದರು. ವಾರದೊಳಗೆ ತಲೆಸುತ್ತು, ವಾಕರಿಕೆ, ನಿದ್ದೆಯಿಲ್ಲದ ರಾತ್ರಿಗಳು. ಆಗ ವಿಷಯ ಮನೆಯವರಿಗೆ ತಿಳಿದದ್ದು.

ಬಂಧುಗಳ ಮಾತಿಗೆ ಬುಡವೇ ಇಲ್ಲವೆನ್ನಲಾಗದು. 1992ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಲಾರ್ನ್ ಬ್ರಾಂಡಿಸ್ ಮತ್ತು ಸಂಗಡಿಗರು, ಅಮಿಟ್ರಿಪ್ಟಿಲಿನ್ ಹಾಗೂ ಫ್ಲೂಆಕ್ಸೆಟಿನ್ ನೀಡಿದಾಗ ಇಲಿಗಳಲ್ಲಿ ಗಡ್ಡೆಗಳು ಬೇಗ ಬೆಳೆದವೆಂದು ವರದಿ ಮಾಡಿದ್ದರು. ಆದರೆ ಅನಂತರ ಮನುಷ್ಯರಲ್ಲಿ ನಡೆದ ದೊಡ್ಡ ಅಧ್ಯಯನಗಳಲ್ಲಿ ಖಿನ್ನತೆಯ ಔಷಧಗಳಿಗೂ ಕ್ಯಾನ್ಸರ್‌ಗೂ ಅಂಥ ಸ್ಪಷ್ಟ ನಂಟು ಕಾಣಲಿಲ್ಲ. ಹಾಗೆಂದು ಮನೋರೋಗದ ಔಷಧಗಳೆಲ್ಲ ಒಂದೇ ಅಲ್ಲ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕೆಲವು ಔಷಧಗಳು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತವೆ. ಅವುಗಳನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲ ಸೇವಿಸಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್‌ನ ಸಾಧ್ಯತೆ ಹೆಚ್ಚಿದ್ದುದು 2021ರ ಫಿನ್ಲೆಂಡ್ ಅಧ್ಯಯನದಲ್ಲಿ ಕಂಡುಬಂದಿತ್ತು.

ಚಿಕ್ಕಮ್ಮನ ವಿಷಯದಲ್ಲಿ ಅಪಾಯ ಬೇರೆಲ್ಲೋ ಇತ್ತು. ಟ್ಯಾಮಾಕ್ಸಿಫೆನ್ ನುಂಗಿದ ರೂಪದಲ್ಲಿ ಅಷ್ಟೇನೂ ಪ್ರಬಲವಲ್ಲ. ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಎಂಡಾಕ್ಸಿಫೆನ್ ಆಗಿ ಪರಿವರ್ತಿಸಲು ನೆರವಾಗುತ್ತದೆ. ಕ್ಯಾನ್ಸರ್ ಕೋಶಗಳಿಗೆ ಈಸ್ಟ್ರೋಜನ್‌ನ ಪ್ರಚೋದನೆ ತಲುಪದಂತೆ ಬಲವಾಗಿ ತಡೆಯುವುದು ಈ ರೂಪವೇ. ಪ್ಯಾರಾಕ್ಸೆಟೀನ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಕೆನಡಾದ ಒಂಟಾರಿಯೊದ 2,430 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ 2010ರ ಅಧ್ಯಯನವೊಂದರ ಪ್ರಕಾರ, ಇವೆರಡನ್ನೂ ಜೊತೆಯಾಗಿ ಸೇವಿಸಿದ ಅವಧಿ ಹೆಚ್ಚಿದಂತೆ ಸ್ತನ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆಯೂ ಹೆಚ್ಚಿತ್ತು. ಮುಂದಿನ ಎಲ್ಲ ಅಧ್ಯಯನಗಳೂ ಇದನ್ನು ಅನುಮೋದಿಸಲಿಲ್ಲ, ನಿಜ. ಆದರೆ ಆ ಕಿಣ್ವಕ್ಕೆ ಅಷ್ಟಾಗಿ ಅಡ್ಡಿಪಡಿಸದ ವೆನ್ಲಾಫ್ಯಾಕ್ಸಿನ್‌ನಂಥ ಔಷಧಗಳಿರುವಾಗ ಈ ಜೋಡಿಯನ್ನೇ ಮುಂದುವರಿಸಬೇಕಾದ ಅಗತ್ಯವೇನು?

ಎರಡೂ ಚೀಟಿಗಳನ್ನು ಹಿಡಿದು ಕ್ಯಾನ್ಸರ್ ತಜ್ಞರ ಬಳಿಗೆ ಹೋದೆವು. 'ಇದನ್ನು ಮೊದಲೇ ಏಕೆ ಹೇಳಲಿಲ್ಲ ಅಮ್ಮಾ?' ಎಂದರು. 'ನೀವು ಕೇಳಲಿಲ್ಲವಲ್ಲ ಡಾಕ್ಟ್ರೇ' ಎಂದರು ಚಿಕ್ಕಮ್ಮ. ಅದೂ ನಿಜವೇ. ಆ ಆಸ್ಪತ್ರೆಯ ನೋಂದಣಿ ಪತ್ರದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಜಾಗವಿದೆ, ಮನಸ್ಸಿನ ಔಷಧಗಳಿಗಿಲ್ಲ. ಹೊರಬಂದ ಮೇಲೆ ಅವರೇ ಮೆಲ್ಲನೆ ಹೇಳಿದರು: 'ಕೇಳಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.'

ಮನೋವೈದ್ಯರು ಹಳೆಯ ಔಷಧವನ್ನು ಪುನಃ ಆರಂಭಿಸಿ, ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಿ, ಬೇರೊಂದಕ್ಕೆ ಬದಲಾಯಿಸಿದರು. ಚಿಕ್ಕಮ್ಮನಿಗೆ ಈಗ ನಿದ್ದೆ ಬರುತ್ತಿದೆ. ಹೊಸ ಚೀಟಿಯನ್ನು ಮಾತ್ರ ಇನ್ನೂ ಕಪಾಟಿನಲ್ಲೇ ಇಡುತ್ತಾರೆ; ಆಸ್ಪತ್ರೆಗೆ ಹೊರಡುವ ದಿನ ನಾನೇ ತೆಗೆದು ಕೊಡಬೇಕು.