ಎಳೆಬಿಸಿಲಿನ ಲೆಕ್ಕ

ಹಸುಗೂಸಿಗೆ ಎಣ್ಣೆ ಹಚ್ಚಿ ಬೆಳಗಿನ ಎಳೆಬಿಸಿಲಿಗೆ ಹಿಡಿಯುವುದು ನಮ್ಮ ಬಾಣಂತನದ ಹಳೆಯ ರೂಢಿ. ಮೂಳೆ ಗಟ್ಟಿಯಾಗುತ್ತದೆ, ಕಾಮಾಲೆ ಇಳಿಯುತ್ತದೆ ಎನ್ನುತ್ತಾರೆ ಅಜ್ಜಿಯರು. ಎರಡರಲ್ಲೂ ಅರ್ಧರ್ಧ ನಿಜವಿದೆ.

ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದದ್ದು ಯುವಿ-ಬಿ ಎಂಬ ನೇರಳಾತೀತ ಕಿರಣ. ಹೊತ್ತು ಮೂಡಿದ ಹೊಸತರಲ್ಲಿ ಬಿಸಿಲು ವಾತಾವರಣದೊಳಗೆ ಓರೆಯಾಗಿ, ಬಹುದೂರ ಹಾದು ಬರುತ್ತದೆ. ಅಷ್ಟರಲ್ಲಿ ಓಜೋನ್ ಈ ಕಿರಣದ ಬಹುಪಾಲನ್ನು ಹೀರಿಬಿಟ್ಟಿರುತ್ತದೆ. ಹಾಗಾಗಿ ಎಳೆಬಿಸಿಲು ಕೂಸನ್ನು ಸುಡುವುದಿಲ್ಲ, ಅದರ ಮೂಳೆಗೆ ಹೆಚ್ಚೇನೂ ಕೊಡುವುದೂ ಇಲ್ಲ. ಕಿಟಕಿಯ ಗಾಜಿನ ಹಿಂದೆ ಮಲಗಿಸಿದರೆ ಆ ಸ್ವಲ್ಪವೂ ಸಿಗದು.

ಕಾಮಾಲೆಯ ಮಾತು ಬೇರೆ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್, ಬಿಸಿಲಿಗೆ ಕರೆದೊಯ್ದ ಕೂಸಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಕಡೆ ಮಾತ್ರ ಹಳದಿ ಉಳಿದಿದ್ದನ್ನು ಗಮನಿಸಿದರು. ಈ ಹಳದಿಗೆ ಕಾರಣವಾದ ಬಿಲಿರುಬಿನ್ನನ್ನು ಕರಗಿಸುವುದು ಮುಖ್ಯವಾಗಿ ನೀಲಿ ಬೆಳಕು. ಆಸ್ಪತ್ರೆಗಳಲ್ಲಿ ಇಂದು ನೀಲಿ ದೀಪದಡಿ ಮಲಗಿಸುವುದು ಅದಕ್ಕೇ. ಅಂಗಳದ ಬಿಸಿಲನ್ನು ಮಾತ್ರೆಯಂತೆ ಅಳೆದು ಕೊಡಲಾಗದು. ಹಳದಿ ಕಂಡರೆ ಮೊದಲು ವೈದ್ಯರಿಗೆ ತೋರಿಸಬೇಕು.

ಹಾಗಾದರೆ ವಿಟಮಿನ್ ಡಿಗಾಗಿ ಹನ್ನೊಂದು ಗಂಟೆಯ ಬಿಸಿಲೇ ಇರಲಿ ಎಂದು ಹೊರಟರೆ ಇನ್ನೂ ಕೆಟ್ಟದ್ದು. ಎಳೆಯ ಚರ್ಮ ತೆಳು, ಬೆವರಿ ತಣಿಯುವ ಶಕ್ತಿ ಕಡಿಮೆ, ತೂಕಕ್ಕೆ ಹೋಲಿಸಿದರೆ ಮೈಯ ಹರವು ಜಾಸ್ತಿ. ಕಣ್ಣಿನ ಮಸೂರವೂ ದೊಡ್ಡವರದಕ್ಕಿಂತ ಹೆಚ್ಚು ನೇರಳಾತೀತವನ್ನು ಒಳಬಿಡುತ್ತದೆ. ನಮ್ಮ ಕಂದುಬಣ್ಣದ ಮೆಲನಿನ್ ಚರ್ಮವನ್ನು ಒಂದಷ್ಟು ಕಾಯುತ್ತದೆ, ಕಣ್ಣನ್ನಲ್ಲ, ಝಳದಿಂದಲೂ ಅಲ್ಲ. ವಿಟಮಿನ್ ಡಿಗೆ ವೈದ್ಯರು ಬರೆದುಕೊಡುವ ದಿನಕ್ಕೆ 400 ಯೂನಿಟ್‌ನ ಹನಿ ಸಾಕು. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಕೂಡ ಬೇಡ. ನೆರಳು, ಸಡಿಲವಾದ ಹತ್ತಿ ಬಟ್ಟೆ, ಆಗಾಗ ಎದೆಹಾಲು. ತಳ್ಳುಗಾಡಿಯ ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಒಳಗೆ ಗಾಳಿಯಾಡದೆ ಕಾವು ಏರುತ್ತದೆ.

ಬೆಂಗಳೂರಿನವರು ತಂಗಾಳಿಯನ್ನು ನಂಬಿ ಮೋಸಹೋಗುತ್ತಾರೆ. ನೇರಳಾತೀತಕ್ಕೆ ಬಿಸಿಯಿಲ್ಲ, ಮೈಗೆ ತಿಳಿಯದು. ತೆಳು ಮೋಡವನ್ನೂ ತೂರಿ ಬರುತ್ತದೆ. ಎತ್ತರಕ್ಕೆ ಹೋದಂತೆ ಅದರ ಪ್ರಮಾಣ ಏರುತ್ತದೆ, ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಥರ್ಮಾಮೀಟರಿಗಿಂತ ನೆರಳು ನೋಡುವುದು ಮೇಲು: ಮಗುವಿನ ನೆರಳು ಅದರ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ.

ಈ ಎಚ್ಚರ ಕೂಸಿಗಷ್ಟೇ ಅಲ್ಲ, ಶಾಲೆಗೆ ಹೋಗುವ ಮಕ್ಕಳಿಗೂ ಬೇಕು. ಆಸ್ಟ್ರೇಲಿಯಾದ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಟೋಪಿಯಿಲ್ಲದ ಮಗುವಿಗೆ ಬಯಲಲ್ಲಿ ಆಟವಿಲ್ಲ. ಸೆಕೆಗಾಲದಲ್ಲೂ ಟೈ ಕಟ್ಟಿಸುವ ನಮ್ಮ ಶಾಲೆಗಳ ಸಮವಸ್ತ್ರದ ಪಟ್ಟಿಯಲ್ಲಿ ಅಗಲ ಅಂಚಿನ ಟೋಪಿಯನ್ನು ನಾನಂತೂ ಕಂಡಿಲ್ಲ.