ಆ್ಯಪ್‌ನಲ್ಲಿ ಕಾಣೋ ಸೈಟಿನ ರೇಟು, ಹಸಿರು ಟಿಕ್ ಎಲ್ಲಿಂದ ಬರುತ್ತೆ?

ಸೈಟು, ಫ್ಲ್ಯಾಟು ಹುಡುಕೋಕೆ ಫೋನಲ್ಲಿ ಆ್ಯಪ್ ತೆರೆದವರೆಲ್ಲ ಇದನ್ನ ನೋಡಿರ್ತೀರಿ. ಬಡಾವಣೆ ಹೆಸರು ಹಾಕಿದ ತಕ್ಷಣ ಚದರಡಿಗೆ ಇಷ್ಟು ಅಂತ ರೇಟು ಬರುತ್ತೆ. ಪಕ್ಕದಲ್ಲಿ 'ದಾಖಲೆ ಪರಿಶೀಲಿಸಲಾಗಿದೆ' ಅಂತ ಒಂದು ಹಸಿರು ಟಿಕ್ಕು. ಅಪ್ಪ-ಅಮ್ಮ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಇದನ್ನ ನಂಬಿ ಕೈ ಬಿಡುತ್ತೆ. ಹಾಗಾಗಿ ಆ ರೇಟು, ಆ ಟಿಕ್ಕು ಎಲ್ಲಿಂದ ಬಂತು ಅಂತ ಇವತ್ತು ಬಿಡಿಸಿ ಹೇಳ್ತೀನಿ.

ಇದರ ಹಿಂದೆ ಕೆಲಸ ಮಾಡೋದು ಎಪಿಐ. ಸಬ್ ರಿಜಿಸ್ಟ್ರಾರ್ ಆಫೀಸಿನ ಕೌಂಟರ್ ನೆನಪಿಸಿಕೊಳ್ಳಿ. ರೆಕಾರ್ಡ್ ರೂಮಿನೊಳಗೆ ನಮ್ಮನ್ನ ಬಿಡಲ್ಲ. ಅರ್ಜಿ ಸರಿಯಾಗಿ ತುಂಬಿಕೊಟ್ರೆ ಒಳಗಿನವರು ಹುಡುಕಿ ನಕಲು ಕೊಡ್ತಾರೆ. ಒಂದು ಸಾಫ್ಟ್‌ವೇರ್ ಇನ್ನೊಂದರ ಹತ್ರ ಮಾಹಿತಿ ಕೇಳೋ ಇಂಥದ್ದೇ ಕೌಂಟರ್ ಎಪಿಐ. ಕೇಳೋರು ಯಾರು ಅಂತ ಗೊತ್ತಾಗೋಕೆ 'ಎಪಿಐ ಕೀ' ಇರುತ್ತೆ. ಇಷ್ಟು ಹೊತ್ತಲ್ಲಿ ಇಷ್ಟೇ ಸಲ ಕೇಳಬಹುದು ಅನ್ನೋ ಮಿತಿಯೂ ಇರುತ್ತೆ. ಮಿತಿ ಯಾಕೆ ಬೇಕು ಅನ್ನೋದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್ ಮೇಲೆ ಸೈಬರ್ ದಾಳಿ ಆಯ್ತು. ನಕಲಿ ಅಕೌಂಟ್‌ಗಳಿಂದ ಒಂದೇ ಸಮನೆ ಇಸಿ ಹುಡುಕಾಟದ ಕೋರಿಕೆ ಸುರಿದು, ನೋಂದಣಿಗೆ ಬಂದ ಜನ ಕಾಯೋ ಹಾಗಾಯ್ತು.

ಈಗ ಮುಖ್ಯ ವಿಷಯ. ಕೌಂಟರ್ ಎಷ್ಟೇ ಚುರುಕಾಗಿದ್ರೂ ಒಳಗಿನ ಪುಸ್ತಕದಲ್ಲಿ ಬರೆದಿರೋದು ಮಾತ್ರ ಹೊರಗೆ ಬರುತ್ತೆ. ಕರ್ನಾಟಕದಲ್ಲಿ ಆ ಪುಸ್ತಕ ಒಂದೇ ಅಲ್ಲ. ಕೃಷಿ ಜಮೀನಿನ ಪಹಣಿ 'ಭೂಮಿ'ಯಲ್ಲಿದೆ. ಯಾರ ಹೆಸರಲ್ಲಿದೆ, ಎಷ್ಟು ಎಕರೆ-ಗುಂಟೆ, ಸಾಲ ಇದೆಯಾ ಅಂತ ಅಲ್ಲಿ ನೋಡಬಹುದು. ಊರಿನ ಸೈಟು-ಮನೆಯ ಖಾತಾಗೆ ನಗರದಲ್ಲಿ 'ಇ-ಆಸ್ತಿ', ಗ್ರಾಮ ಪಂಚಾಯ್ತಿಯಲ್ಲಿ 'ಇ-ಸ್ವತ್ತು'. ಮಾರಾಟ ನೋಂದಣಿ ಮತ್ತು ಇಸಿಗೆ 'ಕಾವೇರಿ'. ಈಗ ಇವು ಒಂದಕ್ಕೊಂದು ಮಾತಾಡ್ತಿವೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಇ-ಖಾತಾ ಇಲ್ಲದೆ ಆಸ್ತಿ ನೋಂದಣಿ ಆಗಲ್ಲ. ಖಾತಾ ವಿವರವನ್ನ ಕಾವೇರಿ ನೇರವಾಗಿ ಇ-ಆಸ್ತಿಯಿಂದ ತಗೊಳ್ಳುತ್ತೆ. ನಕಲಿ ಖಾತಾ ತೋರಿಸಿ ಸೈಟು ಮಾರೋದು ಇದ್ರಿಂದ ಕಷ್ಟ ಆಗಿದೆ.

ಆದ್ರೂ ಕೆಲವು ವಿಷಯ ಯಾವ ಎಪಿಐಗೂ ಸಿಗಲ್ಲ. ಆನ್‌ಲೈನ್ ಇಸಿ ಸಾಮಾನ್ಯವಾಗಿ 2004ರ ಏಪ್ರಿಲ್‌ನಿಂದ ಈಚೆಗಿನದು. ಅದಕ್ಕೂ ಹಿಂದಿನದನ್ನ ಬೇರೆಯಾಗಿ ಹುಡುಕಿಸಬೇಕು. ನೋಂದಣಿ ಆಗದ ಒಪ್ಪಂದ ಇಸಿಯಲ್ಲಿ ಇರಲ್ಲ. ಉಯಿಲನ್ನ ನೋಂದಣಿ ಮಾಡಿಸಲೇಬೇಕು ಅನ್ನೋ ಕಾನೂನೂ ಇಲ್ಲ. ಇನ್ನೊಂದು ನೋಡಿ: ಪಿತ್ರಾರ್ಜಿತ ಜಮೀನು, ಪಹಣಿಯಲ್ಲಿ ಅಣ್ಣನ ಹೆಸರು ಮಾತ್ರ ಇದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ತಂಗಿಯ ಹಕ್ಕು ಕಾಗದದಲ್ಲಿ ಕಾಣಲ್ಲ, ಕೋರ್ಟಲ್ಲಿ ನಿಲ್ಲುತ್ತೆ. ಹಸಿರು ಟಿಕ್ಕಿಗೆ ಆ ತಂಗಿ ಗೊತ್ತೇ ಇಲ್ಲ.

ಇನ್ನು ರೇಟು. ಆ್ಯಪ್‌ನಲ್ಲಿ ಜಾಹೀರಾತಿನ ಜೊತೆ ಕಾಣೋದು ಮಾರೋರು ಕೇಳ್ತಿರೋ ಬೆಲೆ. ಸರ್ಕಾರದ ಮಾರ್ಗಸೂಚಿ ದರ ಮುದ್ರಾಂಕ ಶುಲ್ಕ ಲೆಕ್ಕ ಹಾಕೋಕೆ ಇರೋ ಕನಿಷ್ಠ ದರ. ಕ್ರಯಪತ್ರದಲ್ಲಿ ಬರೆಯೋದು ಮೂರನೇ ಸಂಖ್ಯೆ, ಅದನ್ನೂ ಕಡಿಮೆ ತೋರಿಸೋರಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೇಗೆ ನೋಡಿ. ಅಲ್ಲಿನ ಸರ್ಕಾರಿ ಭೂ ನೋಂದಣಿ ಸಂಸ್ಥೆ 1995ರಿಂದ ಈಚೆಗೆ ಮನೆಗಳು ನಿಜವಾಗಿ ಮಾರಾಟವಾದ ಬೆಲೆಯನ್ನ ವಿಳಾಸದ ಸಮೇತ ಉಚಿತವಾಗಿ ಕೊಡುತ್ತೆ, ತಿಂಗಳಿಗೊಮ್ಮೆ ಹೊಸದು ಸೇರಿಸುತ್ತೆ. ಪಕ್ಕದ ಮನೆ ಎಷ್ಟಕ್ಕೆ ಹೋಯ್ತು ಅಂತ ಬ್ರೋಕರ್ ಬಾಯಿಂದ ಕೇಳಬೇಕಾಗಿಲ್ಲ. ಕೋಡಿಂಗ್ ಕಲೀತಿರೋರು ಆ ದತ್ತಾಂಶದಲ್ಲೇ ಕೈ ಪಳಗಿಸಿಕೊಳ್ಳಬಹುದು.

ಹಾಗಾದ್ರೆ ನಾವು ಮಾಡಬೇಕಾದ್ದೇನು? ಯಾವ ಆ್ಯಪ್ ಆದ್ರೂ ಮೂರು ಪ್ರಶ್ನೆ ಕೇಳಿ. ಈ ಮಾಹಿತಿ ಯಾವ ದಾಖಲೆಯಿಂದ ಬಂತು? ಯಾವ ತಾರೀಖಿನದು? ಇದರಲ್ಲಿ ಏನು ಸೇರಿಲ್ಲ? ಉತ್ತರ ಸಿಗಲಿಲ್ಲ ಅಂದ್ರೆ ಆ ಟಿಕ್ಕನ್ನ ಜಾಹೀರಾತು ಅಂತಲೇ ತಿಳ್ಕೊಳ್ಳಿ. ಅಡ್ವಾನ್ಸ್ ಕೊಡೋ ಮೊದಲು ಹೊಸ ಪಹಣಿ ಅಥವಾ ಇ-ಖಾತಾ, ಇಸಿ ನೀವೇ ತೆಗೆಸಿ. ಎರಡರಲ್ಲೂ ಹೆಸರು, ಅಳತೆ, ಚಕ್ಕುಬಂದಿ ಹೊಂದುತ್ತಾ ನೋಡಿ. ಮಾರೋರ ವಂಶವೃಕ್ಷ ಕೇಳಿ, ವಕೀಲರಿಗೆ ತೋರಿಸಿ. ಫೋನಲ್ಲಿ ಹತ್ತು ಸೈಟು ಸೋಸಿ ಎರಡಕ್ಕೆ ಇಳಿಸೋವರೆಗೆ ಎಪಿಐ ಒಳ್ಳೇ ಸಹಾಯ ಮಾಡುತ್ತೆ. ಆ ಎರಡರಲ್ಲಿ ಒಂದಕ್ಕೆ ಸಹಿ ಹಾಕೋ ಮೊದಲು ಮೂಲ ಕಾಗದ ನಿಮ್ಮ ಕೈಲಿರಲಿ.